ತೊಗರಿ ಕಟ್ಟಿಗೆಯ ಮೂರು ಸುಗ್ಗಿ

ಮೊದಲ ಟ್ರ್ಯಾಲಿ ತೊಗರಿ ಕಟ್ಟಿಗೆ ಕಾರ್ಖಾನೆಯ ಗೇಟು ದಾಟಿ ಒಳಗೆ ಬಂದ ದಿನ ನಾನು ಪೇಢೆ ಹಂಚಿದ್ದೆ. ಪ್ರಯೋಗಾಲಯದವರೆಲ್ಲ ನಕ್ಕರು. ಮೇಡಂ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆ, ನಮಗೆ ಹೇಳೇ ಇಲ್ಲ ಎಂದು ಒಬ್ಬರು ಚುಡಾಯಿಸಿದರು. ನನಗೆ ಆ ಸಂತೋಷ ಹೆಚ್ಚುಕಡಿಮೆ ಅಂಥದ್ದೇ ಆಗಿತ್ತು.

ಸೇಡಂ ತಾಲ್ಲೂಕಿನ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಇಂಧನ ಪರೀಕ್ಷೆ ಮಾಡುವವಳು. ಸುಣ್ಣದ ಕಲ್ಲನ್ನು ಸುಡುವ ಕಿಲ್ನ್ ಎಂಬ ಉದ್ದನೆಯ ಕುಲುಮೆ ಹಗಲೂ ರಾತ್ರಿ ಕಲ್ಲಿದ್ದಲು ತಿನ್ನುತ್ತದೆ. ನನ್ನಪ್ಪ ವಾಡಿಯಲ್ಲಿ ಅದೇ ಕಲ್ಲಿದ್ದಲಿನ ವ್ಯಾಗನ್ ಖಾಲಿ ಮಾಡುತ್ತಿದ್ದವರು. ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಅವರ ಕಫದಲ್ಲಿ ಕಪ್ಪು ಕಾಣುತ್ತಿತ್ತು. ಹೀಗಾಗಿ ಕಿಲ್ನ್‌ನ ಬಾಯಿಗೆ ಒಂದಿಷ್ಟಾದರೂ ನಮ್ಮ ಹೊಲದ ಕಟ್ಟಿಗೆ ಬೀಳಬೇಕು, ಅಷ್ಟು ಕಲ್ಲಿದ್ದಲು ಉಳಿಯಬೇಕು ಎಂಬ ಯೋಜನೆ ಬಂದಾಗ ಅದನ್ನು ನನ್ನ ಸ್ವಂತ ಕೆಲಸವೆಂದೇ ಹಚ್ಚಿಕೊಂಡೆ. ತೊಗರಿಗೆ ನಮ್ಮ ಕಡೆ ಕೊರತೆಯಿಲ್ಲ. ಪ್ರತಿ ವರ್ಷ ಹೊಸದಾಗಿ ಬೆಳೆಯುವ ಗಿಡ, ಕಾಳು ಮನುಷ್ಯರಿಗೆ, ಕಟ್ಟಿಗೆ ಕುಲುಮೆಗೆ. ಇದಕ್ಕಿಂತ ಸರಳ ಲೆಕ್ಕ ಇನ್ನೇನಿದೆ ಎಂದುಕೊಂಡಿದ್ದೆ.

ಟ್ರ್ಯಾಲಿ ಬರುವ ಮೊದಲು ಒಂದು ಫಾರಂ ತುಂಬಬೇಕಿತ್ತು. ಈ ಕಟ್ಟಿಗೆ ಈಗ ಯಾತಕ್ಕೆ ಬಳಕೆಯಾಗುತ್ತಿದೆ ಎಂಬುದು ಅದರ ಒಂದು ಪ್ರಶ್ನೆ. ಯಾರಿಗೂ ಬೇಡವಾದದ್ದನ್ನು ಮಾತ್ರ ಸುಡಬಹುದು, ಬೇಕಾದದ್ದನ್ನು ಕಿತ್ತುಕೊಳ್ಳಬಾರದು ಎಂಬ ಒಳ್ಳೆಯ ಉದ್ದೇಶದ ಪ್ರಶ್ನೆ ಅದು. ನಾನು ಕಾರ್ಖಾನೆಗೆ ಹತ್ತಿರದ ಹಳ್ಳಿಗೆ ಜೀಪಿನಲ್ಲಿ ಹೋಗಿ, ಎಲ್ಲರಿಗಿಂತ ದೊಡ್ಡ ಹೊಲವಿದ್ದ ಗೌಡರನ್ನು ಕೇಳಿದೆ.

"ಕಟಗಿ ಏನ್ ಮಾಡ್ತೀರಿ ಗೌಡ್ರೆ?"

"ನಮಗೇನ್ ಉಪಯೋಗ ಅದರಿಂದ? ಕಾಳು ಬಡದು ರಾಶಿ ಆದಮ್ಯಾಲ ಹೊಲದಾಗ ಸುಮ್ನ ಬಿದ್ದಿರ್ತದ. ಒಯ್ರಿ, ಹೊಲ ಸಾಫ್ ಆಗ್ತದ."

ಇನ್ನೂ ಇಬ್ಬರು ಹೊಲದವರು ಅದೇ ಮಾತು ಹೇಳಿದರು. ನಾನು ‘ಉಪಯೋಗವಿಲ್ಲ’ ಎಂದು ಬರೆದು ಸಹಿ ಹಾಕಿದೆ. ಗೌಡರ ಮನೆಯ ಚಹಾ ಚೆನ್ನಾಗಿತ್ತು.

ಆ ಸುಗ್ಗಿಯ ಮೊದಲ ವಾರಗಳಲ್ಲಿ ನಾನು ಹಂಚಿದ ಪೇಢೆ ಕಹಿಯಾಯಿತು. ಕಟ್ಟಿಗೆ ತರಲು ಗೊತ್ತುಮಾಡಿದ್ದ ಗುತ್ತಿಗೆದಾರನ ಜನ ಗಿಡವನ್ನು ಬುಡಸಮೇತ ಕಿತ್ತು ತಂದಿದ್ದರು. ಬೇರಿನ ತುಂಬ ಎರೆಮಣ್ಣಿನ ಹೆಂಟೆ. ಕಟ್ಟಿಗೆಯನ್ನು ಬೆರಳುದ್ದದ ಚೂರಾಗಿ ಕತ್ತರಿಸುವ ಯಂತ್ರದ ಬ್ಲೇಡುಗಳು ಆ ಮಣ್ಣಿಗೆ ಸವೆದು ಮೊಂಡಾದವು. ಸಾಲದ್ದಕ್ಕೆ ಅಕಾಲದಲ್ಲಿ ಮಳೆ ಬಂತು. ಅಂಗಳದಲ್ಲಿ ಅಡ್ಡಡ್ಡ ಒಟ್ಟಿದ್ದ ರಾಶಿ ಒಳಗೊಳಗೇ ಬೆವರಲು ಶುರುವಾಯಿತು. ಕೈ ಹಾಕಿದರೆ ಬಿಸಿ, ಮೂಗು ಒಡ್ಡಿದರೆ ಹುಳಿ ವಾಸನೆ.

ತೇವ ನೋಡುವ ಕ್ರಮ ಸರಳ. ಟ್ರ್ಯಾಲಿಯ ಮೇಲಿನಿಂದ, ನಡುವಿನಿಂದ, ತಳದಿಂದ ಮೂರು ಹಿಡಿ ತೆಗೆದು, ಕತ್ತರಿಸಿ, ಬೆರೆಸಿ, ತೂಗಿ, ಓವನ್‌ನಲ್ಲಿಟ್ಟು ಒಣಗಿಸಿ ಮತ್ತೆ ತೂಗಬೇಕು. ಕಡಿಮೆಯಾದಷ್ಟು ತೂಕವೇ ನೀರು. ಆ ವಾರ ಕಟ್ಟಿಗೆಯಲ್ಲಿ ಮೂರರಲ್ಲಿ ಒಂದು ಪಾಲು ನೀರೇ ಇತ್ತು. ಅಂಥದ್ದನ್ನು ಕುಲುಮೆಗೆ ಬಿಟ್ಟರೆ ಅದು ಉರಿಯುವುದಿಲ್ಲ, ಮುಲುಗುತ್ತದೆ. ಅರ್ಧ ಉರಿದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ, ಏರಿದರೆ ಮುಂದಿನ ಧೂಳು ಹಿಡಿಯುವ ಯಂತ್ರದಲ್ಲಿ ಸ್ಫೋಟವಾಗುವ ಭಯ. ದಿನಕ್ಕೆರಡು ಸಲ ಕಂಟ್ರೋಲ್ ರೂಮಿನಿಂದ ಫೋನ್ ಬರುತ್ತಿತ್ತು.

"ಮೇಡಂ, ನಿಮ್ಮ ಕಟಗಿ ಬಂದ್ ಮಾಡೀವ್ರಿ. ಕಲ್ಲಿದ್ದಲಕ್ಕ ಹೊಂಟೀವಿ."

‘ನಿಮ್ಮ ಕಟಗಿ’ ಎನ್ನುವಾಗ ಅವರ ದನಿಯಲ್ಲಿ ಒಂದು ನಗು ಇರುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. ಫೋನಿಟ್ಟು ಹತ್ತಿರವಿದ್ದವರ ಮೇಲೆ ಹಾಯುತ್ತಿದ್ದೆ. ವಿಭಾಗದ ಮುಖ್ಯಸ್ಥರು ತುಮಕೂರು ಕಡೆಯವರು, ದನಿ ಎತ್ತದ ಮನುಷ್ಯ. ಅವರೂ ಒಂದು ದಿನ ಹೇಳಿಯೇಬಿಟ್ಟರು: "ಈ ತಿಂಗಳ ಕೊನೆವರೆಗೂ ನೋಡೋಣ ಮೇಡಂ. ಆಮೇಲೆ ನಿಲ್ಲಿಸಿಬಿಡೋಣ."

ಹತ್ತಿರವಿದ್ದವರು ಎಂದೆನಲ್ಲ, ಹೆಚ್ಚಿನ ಸಲ ಅದು ಮಾದರಿ ತರುವ ಅಕ್ಕ. ಗುತ್ತಿಗೆಯ ಮೇಲೆ ನಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದ ಹೆಣ್ಣುಮಗಳು, ನಾನು ಫಾರಂ ಹಿಡಿದು ಹೋಗಿದ್ದ ಅದೇ ಹಳ್ಳಿಯವರು. ವಯಸ್ಸು ಐವತ್ತರ ಆಸುಪಾಸು. ಟ್ರ್ಯಾಲಿ ಹತ್ತಿ ಕಟ್ಟಿಗೆ ಇಳಿಸಿಕೊಂಡು ಬರುವುದು, ಕತ್ತರಿಸುವುದು, ನೆಲ ಒರೆಸುವುದು, ಬಟ್ಟಲು ತೊಳೆಯುವುದು ಆಕೆಯ ಕೆಲಸ. ಓದು ಬರುತ್ತಿರಲಿಲ್ಲ, ಆದರೆ ಯಾವ ಬಟ್ಟಲು ಯಾವ ತಕ್ಕಡಿಯದೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ಪ್ರತಿ ವರ್ಷ ತೊಗರಿ ಕೊಯ್ಲಿಗೆಂದು ಮೂರು ವಾರ ರಜೆ ಹಾಕುತ್ತಿದ್ದರು. ಇಲ್ಲಿ ನೆರಳಲ್ಲಿ ಕೂತು ಮಾಡುವ ಕೆಲಸ ಬಿಟ್ಟು ಅಲ್ಲಿ ಬಿಸಿಲಿಗೆ ಯಾಕೆ ಹೋಗುತ್ತಾರೆ ಎಂದು ನಾನು ಗೊಣಗುತ್ತಿದ್ದೆ, ಕೇಳಿರಲಿಲ್ಲ.

ಮುಖ್ಯಸ್ಥರು ಗಡುವು ಕೊಟ್ಟ ಮರುದಿನ ಆಕೆ ಅಂಗಳದ ರಾಶಿಯ ಮುಂದೆ ನಿಂತು ನನ್ನನ್ನು ಕರೆದರು.

"ಮೇಡಂರಿ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ."

"ಹೇಳಕ್ಕಾ, ಜಲ್ದಿ ಹೇಳು."

"ಕಟಗಿ ಹೆಣದಂಗ ಮಲಗಿಸ್ಯಾರ್ರಿ. ಮಲಗಿಸಿದ್ರ ಕೊಳೀತದ, ನಿಂದ್ರಿಸಿದ್ರ ಒಣಗ್ತದ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಎರಡು ವಾರದಿಂದ ನಾನು ಇಂಟರ್ನೆಟ್ಟಿನಲ್ಲಿ ಯಾವ ಯಾವ ದೇಶದ ಒಣಗಿಸುವ ಯಂತ್ರಗಳನ್ನು ಹುಡುಕುತ್ತಿದ್ದೆ. ಆಕೆ ಒಂದು ಹಿಡಿ ಗಿಡ ಎತ್ತಿಕೊಂಡು ಅಲ್ಲೇ ಬಿದ್ದಿದ್ದ ಫರಸಿ ಕಲ್ಲಿಗೆ ಬುಡವನ್ನು ಎರಡು ಸಲ ಬಡಿದರು, ಮಣ್ಣು ಉದುರಿತು. ಬುಡ ಕೆಳಗೆ, ತುದಿ ಮೇಲೆ ಮಾಡಿ, ನಾಲ್ಕು ಕಟ್ಟುಗಳ ತಲೆ ಕೂಡಿಸಿ ನಿಲ್ಲಿಸಿದರು. ಅದರ ಸುತ್ತ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ನಡುವೆ ಗಾಳಿಯಾಡಲು ಜಾಗ. ಮಳೆ ಬಂದರೆ ನೀರು ಕೋಲಿನ ಮೈಮೇಲೇ ಜಾರಿ ಇಳಿದುಹೋಗುತ್ತದೆ, ಒಳಗೆ ಕೂರುವುದಿಲ್ಲ.

"ಮನಿ ಮುಂದ ಹಿಂಗೇ ಒಟ್ತೀವ್ರಿ. ವರ್ಷ ಇದ್ರೂ ಏನ್ ಆಗಂಗಿಲ್ಲ."

ನಾನು ಮನೆ ಮುಂದೆ ಯಾಕೆ ಒಟ್ಟುತ್ತೀರಿ ಎಂದು ಕೇಳಲಿಲ್ಲ. ಈಗ ಬರೆಯುವಾಗ ಅದೇ ಮಾತು ಎದುರು ಬಂದು ನಿಲ್ಲುತ್ತದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ತೇವ ಒಂದೇ. ಹತ್ತು ಗುಡ್ಡೆಯನ್ನು ಆಕೆ ಹೇಳಿದಂತೆ, ಹತ್ತನ್ನು ಹಳೆಯ ರೀತಿಯಲ್ಲಿ ಒಟ್ಟಿಸಿ, ಎರಡು ದಿನಕ್ಕೊಮ್ಮೆ ಎರಡರ ಮಾದರಿಯನ್ನೂ ತೂಗಿ ನೋಡಿದೆ. ಹನ್ನೆರಡನೆಯ ದಿನ ನಿಲ್ಲಿಸಿದ ಕಟ್ಟಿಗೆ ಮುರಿದರೆ ಚಟ್ಟೆಂದು ಸದ್ದಾಗುತ್ತಿತ್ತು. ಮಲಗಿಸಿದ್ದು ಬಳ್ಳಿಯಂತೆ ಬಾಗುತ್ತಿತ್ತು. ಮುಖ್ಯಸ್ಥರು ಎರಡನ್ನೂ ತಾವೇ ಕೈಯಲ್ಲಿ ಮುರಿದು ನೋಡಿ ನಕ್ಕರು. ಬುಡ ಬಡಿಯಲು, ಒಟ್ಟಲು ಅದೇ ಹಳ್ಳಿಯಿಂದ ಹದಿನಾಲ್ಕು ಹೆಂಗಸರನ್ನು ಕೂಲಿಗೆ ತೆಗೆದುಕೊಂಡರು. ಕಂಟ್ರೋಲ್ ರೂಮಿನ ಫೋನು ನಿಂತಿತು. ಕಟ್ಟಿಗೆ ಬೆಲ್ಟಿನ ಮೇಲೆ ಹತ್ತಿ ಒಳಗೆ ಬೀಳುವುದನ್ನು ನೋಡಲು ನಾನು ದಿನಾ ಊಟದ ಹೊತ್ತಿನಲ್ಲಿ ಮೆಟ್ಟಿಲೇರಿ ಹೋಗುತ್ತಿದ್ದೆ. ಆ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಕಲ್ಲಿದ್ದಲು ಕಡಿಮೆಯಾದ ಸುದ್ದಿ ಹೇಳಿದಾಗ, "ಛಲೋ ಆತು ಬಿಡು" ಎಂದಿದ್ದರು. ಆ ಒಂದು ಮಾತಿನ ಮೇಲೆ ನಾನು ಇಡೀ ವರ್ಷ ನಡೆದೆ.

ಎರಡನೆಯ ಸುಗ್ಗಿಗೆ ಎಲ್ಲ ಸಜ್ಜಾಗಿತ್ತು. ಗುತ್ತಿಗೆದಾರ ರಾಶಿಯ ದಿನವೇ ಟ್ರ್ಯಾಕ್ಟರ್ ತಂದು ಹೊಲದ ಬದುವಿನಲ್ಲಿ ನಿಲ್ಲಿಸಿ, ಹೊಲದವರಿಗೆ ಟ್ರ್ಯಾಲಿಗಿಷ್ಟೆಂದು ರೊಕ್ಕ ಕೊಡುತ್ತಿದ್ದ. ಮಾದರಿ ತರುವ ಅಕ್ಕ ಎಂದಿನಂತೆ ಮೂರು ವಾರ ರಜೆ ಹಾಕಿ ಕೊಯ್ಲಿಗೆ ಹೋದರು, ಎಂದಿನಂತೆ ತಿರುಗಿ ಬಂದರು. ಮಾತು ಕಡಿಮೆಯಾಗಿತ್ತು. ಬಟ್ಟಲು ತೊಳೆಯುವಾಗ ಹಾಡುವುದು ನಿಂತಿತ್ತು. ನನ್ನ ಬೈಗುಳಕ್ಕೆ ಮೊದಲು ನಗುತ್ತಿದ್ದವರು ಈಗ ಸುಮ್ಮನೆ ಕೇಳುತ್ತಿದ್ದರು. ಮನೆಯಲ್ಲಿ ಏನಾದರೂ ಇರಬಹುದು ಎಂದುಕೊಂಡೆ. ನನಗೋ ಆ ದಿನಗಳಲ್ಲಿ ಗುತ್ತಿಗೆದಾರನ ಜೊತೆ ಜಗಳ. ನಾನು ತೇವ ಹೆಚ್ಚೆಂದು ಒಂದು ಟ್ರ್ಯಾಲಿ ತಿರಸ್ಕರಿಸಿದ್ದೆ, ಅವನು ನಿಮ್ಮ ಪರೀಕ್ಷೆಯೇ ತಪ್ಪು ಎಂದು ಮೇಲಿನವರಿಗೆ ದೂರು ಕೊಟ್ಟಿದ್ದ.

ಇಂಥ ತಕರಾರಿಗೆಂದೇ ನಾವು ಪ್ರತಿ ಟ್ರ್ಯಾಲಿಯ ಒಂದು ಚೀಲ ಮಾದರಿಯನ್ನು ಹಿಂದಿನ ಶೆಡ್ಡಿನಲ್ಲಿ ಒಂದು ತಿಂಗಳು ಕಾದಿಡುತ್ತೇವೆ. ಪ್ಲಾಸ್ಟಿಕ್ ಹಾಕಿ ಬಾಯಿ ಬಿಗಿದ ಚೀಲಕ್ಕೆ ವಾರಕ್ಕೊಂದು ಬಣ್ಣದ ಚೀಟಿ. ತಿಂಗಳು ದಾಟಿದ ಬಣ್ಣದ ಚೀಲಗಳನ್ನು ಬೆಲ್ಟಿಗೆ ಸುರಿದುಬಿಡುವುದು ಕ್ರಮ. ತಕರಾರಿನ ಟ್ರ್ಯಾಲಿಯದು ಹಸಿರು ಚೀಟಿ. ಮುಖ್ಯಸ್ಥರು, ಗುತ್ತಿಗೆದಾರ ಇಬ್ಬರೂ ಬಂದು ನಿಂತಿದ್ದಾರೆ, ನಾನು ಹುಡುಕಿದರೆ ಆ ಚೀಲ ಇಲ್ಲ. ಶೆಡ್ಡಿನಲ್ಲಿ ಅಲ್ಲಲ್ಲಿ ಬೇರೆ ಜಾಗಗಳೂ ಖಾಲಿ. ಗುತ್ತಿಗೆದಾರ ಹಲ್ಲು ಕಿಸಿದ. ಅವನ ಟ್ರ್ಯಾಲಿಯನ್ನು ಒಪ್ಪಿಕೊಳ್ಳಬೇಕಾಯಿತು. ನನ್ನ ಮುಖ ಸುಟ್ಟ ಬದನೆಕಾಯಿ.

ಅದೇ ಸಂಜೆ ಕೆಲಸ ಬಿಡುವ ಹೊತ್ತಿಗೆ ಗೇಟಿನಿಂದ ಕರೆ ಬಂತು. ಹೋದರೆ, ಕಾವಲುಗಾರನ ಮೇಜಿನ ಮೇಲೆ ಒಂದು ಚೀಲ, ಅದರ ತುಂಬ ತೊಗರಿ ಕಟ್ಟಿಗೆಯ ಚೂರು. ಪಕ್ಕದಲ್ಲಿ ತಲೆಯ ಮೇಲೆ ಸೆರಗು ಹೊದ್ದು ನಿಂತ ಮಾದರಿ ತರುವ ಅಕ್ಕ. ಮನೆಗೆ ಹೊರಟ ನೂರಾರು ಜನ ಸಾಲಿನಲ್ಲಿ ನಿಂತು ನೋಡುತ್ತಿದ್ದಾರೆ.

"ಮೇಡಂ, ಇದು ನಿಮ್ಮ ಲ್ಯಾಬಿನ ಮಾಲೇನ್ರಿ? ನೋಡಿ ಹೇಳ್ರಿ."

"ಹಳದಿ ಚೀಟಿದು ಅದರಿ ಮೇಡಂ," ಎಂದರು ಆಕೆ. "ಹಳದಿದು ಅಷ್ಟ ಒಯ್ದೀನ್ರಿ."

ನಾನು ಆ ಮಾತಿಗೆ ನಿಲ್ಲಲಿಲ್ಲ. ಬೆಳಗಿನ ಅವಮಾನ ಇನ್ನೂ ಕುದಿಯುತ್ತಿತ್ತು. "ಹೌದು, ನಮ್ಮದೇ. ಇನ್ನೂ ಭಾಳ ಚೀಲ ಹೋಗಿವೆ" ಎಂದೆ. ಬರೆದುಕೊಡಿ ಅಂದರು, ನಿಂತಲ್ಲೇ ಬರೆದು ಸಹಿ ಹಾಕಿ ತಿರುಗಿ ನೋಡದೆ ಬಸ್ಸು ಹತ್ತಿದೆ. ಮನೆಯಿದ್ದ ಚಿತ್ತಾಪುರ ಬರುವವರೆಗೂ ನಾನು ಮಾಡಿದ್ದೇ ಸರಿ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಆಕೆಯ ಗೇಟ್ ಪಾಸು ರದ್ದಾಯಿತು. ಮೂರನೆಯ ದಿನ ಹೊಸಬಳು ನೆಲ ಒರೆಸುತ್ತ, "ಮೇಡಂ, ಇದು ಎಲ್ಲಿಡ್ಲಿ?" ಎಂದು ಓವನ್ನಿನ ಮೇಜಿನ ಕೆಳಗಿನಿಂದ ಒಂದು ಚೀಲ ಎಳೆದಳು. ಹಸಿರು ಚೀಟಿ. ತಕರಾರಿನ ಅದೇ ಚೀಲ. ಎರಡನೆಯ ಸಲ ಪರೀಕ್ಷಿಸಲೆಂದು ನಾನೇ ತಂದು, ನಾನೇ ಕೆಳಗಿಟ್ಟು, ನಾನೇ ಮರೆತಿದ್ದೆ. ಶೆಡ್ಡಿಗೆ ಹೋಗಿ ಪುಸ್ತಕ ಹಿಡಿದು ಒಂದೊಂದೇ ಚೀಲ ಎಣಿಸಿದೆ. ಕಾಣೆಯಾದದ್ದು ಹಳದಿ ಚೀಟಿಯವು ಮಾತ್ರ, ಎಲ್ಲವೂ ತಿಂಗಳು ದಾಟಿದವು. ಓದು ಬಾರದ ಆ ಹೆಣ್ಣುಮಗಳು ಬಣ್ಣ ನೋಡಿಕೊಂಡು, ನಮಗೆ ಬೇಡವಾದದ್ದನ್ನಷ್ಟೇ ಆರಿಸಿ ಒಯ್ದಿದ್ದರು. ಒಂದೇ ಒಂದು ಹಸಿರನ್ನೂ ಮುಟ್ಟಿರಲಿಲ್ಲ.

ಗೇಟಿಗೆ ಓಡಿದೆ, ಮುಖ್ಯಸ್ಥರ ಬಳಿ ಓಡಿದೆ, ಕೂಲಿಯವರನ್ನು ಕಳಿಸುವ ಗುತ್ತಿಗೆಯವನಿಗೆ ಫೋನು ಮಾಡಿದೆ. ತಪ್ಪು ನನ್ನದು ಎಂದು ಬರೆದುಕೊಟ್ಟೆ. ಮುಖ್ಯಸ್ಥರು ಓದಿ ಕಾಗದ ಮಡಚಿಟ್ಟರು.

"ಚೀಲ ಹಳೇದಿರಲಿ, ಹೊಸದಿರಲಿ, ಹೇಳದೆ ಹೊರಗೆ ತಗೊಂಡು ಹೋದ್ರಲ್ಲ ಮೇಡಂ. ಗೇಟಿನಲ್ಲಿ ಒಮ್ಮೆ ಪಾಸ್ ಹೋದ್ರೆ ಮತ್ತೆ ಕೊಡಲ್ಲ. ನಾನೂ ಕೇಳಿ ನೋಡಿದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾನುವಾರ ಒಬ್ಬಳೇ ಬಸ್ಸಿನಲ್ಲಿ ಆ ಹಳ್ಳಿಗೆ ಹೋದೆ. ಹಿಂದಿನ ಸಲ ಜೀಪು ಗೌಡರ ಮನೆಯ ಮುಂದೆ ನಿಂತಿತ್ತು. ಈ ಸಲ ಕೇಳಿಕೊಂಡು ಊರಿನ ಕೊನೆಯ ಓಣಿಗೆ ನಡೆದೆ. ಎಲ್ಲ ಮನೆಗಳೂ ಫರಸಿ ಕಲ್ಲಿನ ಗಿಡ್ಡ ಗೋಡೆಯವು. ಪ್ರತಿ ಗೋಡೆಯ ಪಕ್ಕದಲ್ಲಿ ನೆಲದ ಮೇಲೊಂದು ದುಂಡನೆಯ ಬೋಳು ಗುರುತು. ಏನದು ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ದಂಡೋತಿಯಲ್ಲಿ ನನ್ನ ಅಜ್ಜಿಯ ಮನೆಯ ಮುಂದೆಯೂ ತೊಗರಿ ಕಟ್ಟಿಗೆಯ ಗೂಡು ನಿಂತಿರುತ್ತಿತ್ತು, ಅದರ ಸುತ್ತ ನಾವು ಮುಟ್ಟಾಟ ಆಡಿದ್ದೆವು. ನಮ್ಮ ಮನೆಗೆ ಗ್ಯಾಸು ಬಂದ ದಿನ ಲೋಕಕ್ಕೆಲ್ಲ ಬಂದಿತೆಂದು ತಿಳಿದು ಅದನ್ನು ಮರೆತಿದ್ದೆ. ಹೊರಗಿನವರು ಮರೆತಿದ್ದರೆ ಒಂದು ಮಾತು.

ಆಕೆ ನನ್ನನ್ನು ಕಂಡು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬರ್ರಿ ಮೇಡಂ, ಕುಂದ್ರಿ" ಎಂದು ಚಾಪೆ ಹಾಸಿ ಚಹಾಕ್ಕೆ ಒಲೆ ಹಚ್ಚಿದರು. ಒಲೆಯಲ್ಲಿ ಹಸಿ ಜಾಲಿ. ಅದು ಹತ್ತಿಕೊಳ್ಳಲೆಂದು ಹರಿದ ಸಿಮೆಂಟ್ ಚೀಲದ ಪ್ಲಾಸ್ಟಿಕ್ ತುಂಡು ಇಟ್ಟು ಕಡ್ಡಿ ಗೀರಿದರು. ಕಪ್ಪು ಹೊಗೆ ಎದ್ದಿತು. ಹೊಗೆಯಲ್ಲಿ ಆಕೆಯ ಸೊಸೆ ಕೆಮ್ಮುತ್ತ ಹೊರಗೆ ಹೋದಳು.

"ಗ್ಯಾಸ್ ಅದಲ್ಲಕ್ಕಾ?"

"ಅದರಿ, ಮೂಲ್ಯಾಗ ಅದ. ಬೀಗರು ಬಂದಾಗ ಹಚ್ತೀವಿ, ಯಾರರ ಆರಾಮಿಲ್ದಾಗ ಹಚ್ತೀವಿ. ದಿನಾ ಹಚ್ಚಿದ್ರ ತುಂಬಿಸೋರು ಯಾರ್ರಿ?"

"ಕಟಗಿ?"

ಆಕೆ ಒಲೆ ಊದುತ್ತಲೇ ಹೇಳಿದರು. "ನಮ್ಮತ್ತಿ ಕಾಲದಿಂದ ಹಂಗೇ ನಡ್ಕೊಂಡು ಬಂದದರಿ. ಕೂಲಿ ಬ್ಯಾರೆ, ಕಟಗಿ ಬ್ಯಾರೆ. ಕಾಳು ಗೌಡ್ರ ಮನಿಗಿ, ಹೊಟ್ಟು ಎತ್ತಿಗಿ, ಕಟಗಿ ಕೊಯ್ದೋರ ಒಲಿಗಿ. ಅದರ ಸಲ್ಯಾಕೇ ನಾ ಲ್ಯಾಬಿನ ಕೆಲ್ಸ ಬಿಟ್ಟು ಕೊಯ್ಲಿಕ್ಕ ಹೋಗ್ತಿದ್ದೆ. ಹ್ವಾದ ವರ್ಷ ನಾವು ಒಯ್ದು ಉಳದಿದ್ದಷ್ಟ ಕಂಪನಿಗಿ ಹೋಗಿತ್ರಿ. ಈ ವರ್ಷ ಕೊಯ್ದು ಬಡದು ಹೊರಿ ಕಟ್ಲಿಕ್ಕ ಹ್ವಾದ್ರ, ಮುಟ್ಟಬ್ಯಾಡ್ರಿ, ಕಂಪನಿಗಿ ಹೋಗ್ತದ ಅಂದ್ರು."

"ನನಗೆ ಹೇಳಬಾರದಿತ್ತೇನಕ್ಕಾ?"

"ನೀವು ಭಾಳ ಖುಷಿಲೆ ಇದ್ದ್ರಿ."

ಚಹಾದಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇತ್ತು. ಪೂರ್ತಿ ಕುಡಿದೆ. ಕ್ಷಮಿಸು ಎಂದು ಹೇಳಲು ಹೋದವಳು ಅದನ್ನು ಸರಿಯಾಗಿ ಹೇಳದೆಯೇ ಎದ್ದು ಬಂದೆ. ಆಕೆ ಕಲಿಸಿಕೊಟ್ಟ ವಿದ್ಯೆಯಿಂದಲೇ ಆಕೆಯ ಒಲೆ ಆರಿಸಿದ್ದೆ, ಆಮೇಲೆ ಕಳ್ಳಿ ಎಂದೂ ಬರೆದುಕೊಟ್ಟಿದ್ದೆ. ಅದಕ್ಕೆ ಕ್ಷಮೆ ಎಂಬುದು ಬಹಳ ಚಿಕ್ಕ ಮಾತಾಗಿ ಕಂಡಿತು.

ಫಾರಂ ಎರಡು ಸುಗ್ಗಿಗೊಮ್ಮೆ ಹೊಸದಾಗಿ ತುಂಬಬೇಕು. ಮಾರ್ಚಿನಲ್ಲಿ ಅದು ಮತ್ತೆ ನನ್ನ ಮೇಜಿಗೆ ಬಂತು. ಈ ಸಲ ನಾಲ್ಕು ಹಳ್ಳಿಗಳಿಗೆ ಬಸ್ಸಿನಲ್ಲಿ ಹೋದೆ. ಹೊಲದವರನ್ನಲ್ಲ, ಕೊಯ್ಯುವವರನ್ನು ಕೇಳಿದೆ. ಎಲ್ಲ ಕಡೆಯೂ ಅದೇ ರೂಢಿ. ಮುಖ್ಯಸ್ಥರ ಮುಂದೆ ಒಂದು ದಾರಿ ಇಟ್ಟೆ: ಮೊದಲು ಕೊಯ್ದವರು ತಮಗೆ ಬೇಕಾದಷ್ಟು ಹೊರೆ ಒಯ್ಯಲಿ, ಉಳಿದದ್ದಷ್ಟೇ ನಾವು ತರೋಣ. ಅವರು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಗುತ್ತಿಗೆದಾರ ಹೊಲ ಹೊಲಕ್ಕೆ ಹೋಗಿ ಯಾರ ಪಾಲು ಎಷ್ಟೆಂದು ನೋಡುವುದು ನನ್ನ ಕೆಲಸವಲ್ಲ ಎಂದ. ಹೊಲದವರು ನಮ್ಮ ಹೊಲದ್ದು ನಮ್ಮದು ಎಂದರು.

"ಹಾಗಿದ್ದರೆ ಇದ್ದದ್ದು ಇದ್ದ ಹಾಗೆ ಬರೀತೀನಿ ಸರ್," ಎಂದೆ.

"ಬರೀರಿ. ಆದ್ರೆ ಒಂದು ತಿಳ್ಕೊಳ್ಳಿ. ಅದನ್ನ ಓದಿದ ತಕ್ಷಣ ಕಟ್ಟಿಗೆ ನಿಲ್ಲುತ್ತೆ. ನಿಂತ ದಿನವೇ ಅಷ್ಟು ಕಲ್ಲಿದ್ದಲು ಹೆಚ್ಚಿಗೆ ಬೀಳುತ್ತೆ. ಕಿಲ್ನ್ ಹಸಿದುಕೊಂಡು ಕೂರಲ್ಲ. ಅಂಗಳದಲ್ಲಿ ಕೆಲಸ ಮಾಡೋ ಹದಿನಾಲ್ಕು ಜನಾನೂ ಮನೆಗೆ ಹೋಗ್ತಾರೆ. ಯೋಚನೆ ಮಾಡಿ ಮೇಡಂ, ನಿಮ್ಮಷ್ಟು ಈ ಕೆಲಸ ಹಚ್ಚಿಕೊಂಡವರು ಇಲ್ಲಿ ಇನ್ನೊಬ್ಬರಿಲ್ಲ."

ಅವರು ಹೆದರಿಸಲಿಲ್ಲ, ನಿಜವನ್ನೇ ಹೇಳಿದರು. ಅದೇ ಕಷ್ಟವಾಯಿತು. ಎರಡು ದಿನ ಫಾರಂ ಡ್ರಾಯರಿನಲ್ಲಿತ್ತು. ಅಪ್ಪನ ಕಫದ ಕಪ್ಪು ಒಂದು ಕಡೆ, ಆ ಓಣಿಯ ಗೋಡೆಗಳ ಪಕ್ಕದ ಬೋಳು ಗುರುತು ಇನ್ನೊಂದು ಕಡೆ. ಕಲ್ಲಿದ್ದಲು ಬೇಡ ಎನ್ನುವುದು ಈಗಲೂ ನನ್ನ ನಂಬಿಕೆ. ಆದರೆ ನನ್ನ ನಂಬಿಕೆಗೆ ಕಟ್ಟಿಗೆ ಯಾರ ಒಲೆಯಿಂದ ಬಂತೆಂದು ಗೊತ್ತಾದ ಮೇಲೆ ‘ಉಪಯೋಗವಿಲ್ಲ’ ಎಂದು ಇನ್ನೊಮ್ಮೆ ಬರೆಯಲು ಕೈ ಏಳಲಿಲ್ಲ. ಕೊಯ್ದವರು ಅಡುಗೆಯ ಉರುವಲಿಗಾಗಿ ಒಯ್ಯುತ್ತಾರೆ, ಅದಕ್ಕೆ ಅವರ ಬಳಿ ಬೇರೆ ಬದಲಿಯಿಲ್ಲ ಎಂದು ಬರೆದು ಕೊಟ್ಟೆ. ಪರಿಶೀಲನೆಗೆ ಬಂದ ಹೊರಗಿನ ಅಧಿಕಾರಿ ಕೇಳಿದಾಗಲೂ ಅದನ್ನೇ ಹೇಳಿದೆ. ಮೇ ತಿಂಗಳಿಗೆ ಅಂಗಳ ಖಾಲಿಯಾಯಿತು. ಕತ್ತರಿಸುವ ಯಂತ್ರಕ್ಕೆ ತಾಡಪತ್ರಿ ಹೊದಿಸಿದರು. ಕಲ್ಲಿದ್ದಲು ಮೊದಲಿನಷ್ಟೇ ಬೀಳತೊಡಗಿತು. ಅಂಗಳದ ಹೆಂಗಸರಲ್ಲಿ ಒಬ್ಬಾಕೆ ಕೊನೆಯ ದಿನ ಗೇಟಿನಲ್ಲಿ ನನಗೆ ಕೇಳುವಂತೆಯೇ, "ಈಕಿ ಕೈ ಇಟ್ಟಲ್ಲಿ ಹುಲ್ಲೂ ಹುಟ್ಟಂಗಿಲ್ಲ" ಎಂದಳು. ನನಗೆ ಕೋಪ ಬರಲಿಲ್ಲ.

ಹೋಗಲಿ, ಓಣಿಗೆ ಕಟ್ಟಿಗೆಯಾದರೂ ಬರುತ್ತದೆ ಎಂದುಕೊಂಡು ಮೂರನೆಯ ಸುಗ್ಗಿಗೆ ಕಾದೆ. ರಾಶಿ ಮುಗಿಯುವ ದಿನ ಕೇಳಿಕೊಂಡು ರಜೆ ಹಾಕಿ ಹೋದೆ. ಗೌಡರ ಹೊಲದಲ್ಲಿ ಕಾಳು ಚೀಲಕ್ಕೆ ತುಂಬಿ ಆಗಿತ್ತು. ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರೆ ಕಟ್ಟಲು ಹಗ್ಗ ಬಿಚ್ಚುತ್ತಿದ್ದರು, ಮಾದರಿ ತರುತ್ತಿದ್ದ ಅಕ್ಕ ಮುಂದೆ.

"ಮುಟ್ಟಬ್ಯಾಡ್ರಿ," ಎಂದರು ಗೌಡರು. "ಅದು ಮಾರೂದದ."

"ಕಂಪನಿ ಕೊಳ್ಳೋದು ಬಂದ್ ಮಾಡ್ಯಾದ್ರಿ ಗೌಡ್ರೆ," ಎಂದೆ. "ನಾನೇ ಬರದು ಕೊಟ್ಟೀನಿ."

"ನಿಮ್ಮ ಕಂಪನಿ ಬಿಟ್ರ ಇನ್ನೊಂದು ಬರ್ತದ. ರೊಕ್ಕ ಆಗ್ತದ ಅಂತ ಗೊತ್ತಾದಮ್ಯಾಲ ಪುಕ್ಕಟ ಯಾರ್ ಕೊಡ್ತಾರ್ರಿ? ಗೊತ್ತು ಮಾಡಿಕೊಟ್ಟೋರು ನೀವೇ ಅಲ್ಲೇನು?"

ನಾನು ವಾದ ಮಾಡಿದೆ, ದನಿ ಎತ್ತಿದೆ. ಅಕ್ಕ ನನ್ನ ಮೊಣಕೈ ಹಿಡಿದು ಬದುವಿಗೆ ಕರೆತಂದರು. "ಬಿಡ್ರಿ ಮೇಡಂ. ನೀವು ಬರದಿದ್ದು ಕಂಪನಿಗಿ ತಿಳೀತು. ಗೌಡ್ರು ಅದನ್ನ ಯಾಕ ಕೇಳ್ತಾರ?" ಎಂದು ಹಗ್ಗ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ಹೆಂಗಸರೆಲ್ಲ ಕಾಗಿಣಾ ಹೊಳೆಯ ದಂಡೆಯ ಕಡೆಗೆ, ಜಾಲಿ ಕಡಿಯಲು ನಡೆದರು.

ಯಾವ ಗಿರಾಕಿಯೂ ಬರಲಿಲ್ಲ. ನಾನು ತಿಂಗಳಿಗೊಮ್ಮೆಯಾದರೂ ಗೌಡರಿಗೆ ಫೋನು ಮಾಡುತ್ತಿದ್ದೆ. ಮುಂಗಾರಿಗೆ ಹೊಲ ಹದ ಮಾಡುವ ಹೊತ್ತಾಯಿತು, ಕಟ್ಟಿಗೆ ಅಲ್ಲೇ ಬಿದ್ದಿತ್ತು. ಈಗಲಾದರೂ ಓಣಿಯವರಿಗೆ ಕೊಡಿ, ಹೊಲವೂ ಸಾಫ್ ಆಗುತ್ತದೆ ಎಂದು ಬೇಡಿಕೊಂಡೆ. "ಐತಾರ ಬರ್ರಿ, ನೋಡೋಣು" ಎಂದರು. ಅಷ್ಟು ಮಾತಿಗೇ ನಾನು ಅಕ್ಕನಿಗೆ ಹೇಳಿ ಕಳಿಸಿದೆ. ನನ್ನ ಮಾತು ನಂಬಿ ಆಕೆ ಓಣಿಯ ಹೆಂಗಸರನ್ನೆಲ್ಲ ಹಗ್ಗ ತಗೊಂಡು ಬರಹೇಳಿದರು.

ಭಾನುವಾರ ಬೆಳಗ್ಗೆ ಹತ್ತರ ಬಸ್ಸಿಗೆ ಇಳಿದೆ. ರಸ್ತೆಯಿಂದಲೇ ಹೊಗೆ ಕಂಡಿತು. ಹತ್ತಿರ ಹೋಗುವಷ್ಟರಲ್ಲಿ ಕಟ್ಟಿಗೆಯ ರಾಶಿ ನಾಲ್ಕೂ ಕಡೆಯಿಂದ ಹತ್ತಿಕೊಂಡಿತ್ತು. ಗೌಡರ ಆಳು ಇನ್ನೊಂದು ರಾಶಿಗೆ ಬೆಂಕಿ ಒಯ್ಯುತ್ತಿದ್ದ. ಹೆಂಗಸರು ಖಾಲಿ ಹಗ್ಗ ಹಿಡಿದು ಬದುವಿನ ಮೇಲೆ ಸಾಲಾಗಿ ನಿಂತಿದ್ದರು.

"ಕೊಡ್ತೀನಿ ಅಂದಿದ್ದ್ರಲ್ಲ ಗೌಡ್ರೆ!"

"ನೋಡೋಣು ಅಂದಿದ್ದೆ. ಈ ವರ್ಷ ಕೊಟ್ರ ಮುಂದಿನ ವರ್ಷ ನಮ್ಮ ಹಕ್ಕು ಅಂತಾರ. ನೀವು ಕಾಗದದಾಗ ಹಂಗೇ ಬರದೀರಂತಲ್ಲ, ಊರೆಲ್ಲಾ ಮಾತಾಡಾಕತ್ಯಾದ. ರೂಢಿ ಒಮ್ಮಿ ಮುರಿದದ, ಮತ್ತ ಹಚ್ಚೂದು ಬ್ಯಾಡ."

ಒಂದು ವರ್ಷದ ಅಡುಗೆ ಅಲ್ಲಿ ಅರ್ಧ ಗಂಟೆಯಲ್ಲಿ ಉರಿದುಹೋಗುತ್ತಿತ್ತು. ಚಟಚಟ ಎಂದು ಒಡೆಯುತ್ತಿದ್ದ ಆ ಕಟ್ಟಿಗೆ ಚೆನ್ನಾಗಿ ಒಣಗಿತ್ತು, ಎಷ್ಟು ಶಾಖ ಕೊಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಅಲ್ಲಿರಲಿಲ್ಲ. ನನಗೆ ಅಳು ಬಂತು. ಗಾಳಿ ತಿರುಗಿ ಹೊಗೆ ನಮ್ಮ ಮೇಲೇ ಬಂತು, ಕೆಮ್ಮು ಹತ್ತಿ ನಾನು ಬಗ್ಗಿದೆ.

ಅಕ್ಕ ತಮ್ಮ ಸೆರಗಿನ ತುದಿಯನ್ನು ನನ್ನ ಮುಖಕ್ಕೆ ಹಿಡಿದರು.

"ಹಿಂದಕ್ಕ ಸರೀರಿ ಮೇಡಂ," ಎಂದರು. "ಹೊಗಿ ನಿಮಗ ರೂಢಿ ಇಲ್ಲ."